ಓಡಾಟದ ಸಮೀಕ್ಷೆಯಲ್ಲಿ ಟಂಟಂ ಪ್ರಯಾಣವನ್ನು ಎಲ್ಲಿ ತೋರಿಸಬೇಕು?

ಪ್ರಶ್ನೆ: ಕಟ್ಟಡ ನಿರ್ವಾಹಕ, ಕಲಬುರಗಿ

ಸೇಡಂ ರಸ್ತೆಯಲ್ಲಿರುವ ನಮ್ಮ ಕಚೇರಿ ಸಂಕೀರ್ಣಕ್ಕೆ, ಕಟ್ಟಡಗಳ ಪರಿಸರಸ್ನೇಹಿ ಗುಣಕ್ಕೆ ಅಂಕ ಕೊಡುವ ಲೀಡ್ ಪದ್ಧತಿಯ 4.1 ಆವೃತ್ತಿಯಡಿ, ಈಗಾಗಲೇ ಬಳಕೆಯಲ್ಲಿರುವ ಕಟ್ಟಡಗಳ ವಿಭಾಗದಲ್ಲಿ, ಹಸಿರು ಪ್ರಮಾಣಪತ್ರ ಪಡೆಯಲು ಮಾಲೀಕರು ನಿರ್ಧರಿಸಿದ್ದಾರೆ. ಇಲ್ಲಿ ಕೆಲಸ ಮಾಡುವವರು ಮನೆಯಿಂದ ಹೇಗೆ ಬರುತ್ತಾರೆಂಬ ಸಮೀಕ್ಷೆ ನಡೆಸಿ, ಉತ್ತರಗಳನ್ನು ಲೀಡ್ ಅಂಕಿಅಂಶ ದಾಖಲಿಸುವ ಆರ್ಕ್ ಎಂಬ ಆನ್‌ಲೈನ್ ವೇದಿಕೆಗೆ ಏರಿಸುವ ಹೊಣೆ ನನ್ನದು. ಅಲ್ಲಿನ ಪಟ್ಟಿಯಲ್ಲಿ ಕಾರು, ಬಸ್ಸು, ರೈಲು, ಮೋಟಾರ್ ಸೈಕಲ್ ಇವೆ; ಹಲವರು ಒಟ್ಟಿಗೆ ಕೂತು ಹೋಗುವ ಮೂರು ಚಕ್ರದ ಗಾಡಿ, ಟಂಟಂ ಇಲ್ಲ. ನಮ್ಮಲ್ಲಿಯಾದರೋ ಬಹಳಷ್ಟು ಜನ ಆಳಂದ, ಶಹಾಬಾದ್ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದು, ಅಲ್ಲಿಂದ ಟಂಟಂ ಹತ್ತಿ ಕಚೇರಿ ಸೇರುತ್ತಾರೆ. ಇದನ್ನು ಹೇಗೆ ತೋರಿಸಬೇಕು? ಇನ್ನೊಂದು ತೊಡಕೂ ಇದೆ. ಇಮೇಲ್‌ನಲ್ಲಿ ಕಳುಹಿಸಿದ ನಮೂನೆಗೆ ಉತ್ತರ ಬಂದದ್ದು ಬಹುಪಾಲು ಮೇಜಿನ ಕೆಲಸದವರಿಂದ ಮಾತ್ರ.

ಉತ್ತರ 1: ಹಸಿರು ಕಟ್ಟಡ ಸಲಹೆಗಾರ್ತಿ, ಬೀದರ್

ತಮ್ಮ ಎರಡನೆಯ ತೊಡಕೇ ದೊಡ್ಡದು, ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಕ್ಯಾಂಟೀನಿನವರು ದಿನವೂ ಅಲ್ಲಿಯೇ ದುಡಿಯುವವರಾದ್ದರಿಂದ ಅವರೂ ಕಟ್ಟಡದ ಬಳಕೆದಾರರೇ. ಅವರಲ್ಲಿ ಹೆಚ್ಚಿನವರು ನಡೆದು ಅಥವಾ ಸೈಕಲ್ಲಿನಲ್ಲಿ ಬರುವವರಾಗಿದ್ದರೆ, ಅವರನ್ನು ಬಿಟ್ಟ ಸಮೀಕ್ಷೆ ನಿಮ್ಮ ಅಂಕವನ್ನೇ ತಗ್ಗಿಸುತ್ತದೆ. ಲೀಡ್‌ನ 2009ರ ಆವೃತ್ತಿಯಲ್ಲಿ ಶೇಕಡಾ 80ಕ್ಕಿಂತ ಕಡಿಮೆ ಉತ್ತರ ಬಂದರೆ, ಉತ್ತರಿಸದವರೆಲ್ಲರೂ ಒಬ್ಬೊಬ್ಬರೇ ಕಾರಿನಲ್ಲಿ ಬರುತ್ತಾರೆಂದು ಲೆಕ್ಕ ಹಿಡಿಯಲಾಗುತ್ತಿತ್ತು. ನಡೆದು ಬರುವ ಕಾವಲುಗಾರನ ಹೆಸರಿನಲ್ಲೊಂದು ಕಾರು! ಈಗಿನ ಲೆಕ್ಕದ ಕ್ರಮ ಬೇರೆಯಾದರೂ ಒಂದೇ ವರ್ಗದ ಉತ್ತರಗಳಿಂದ ಚಿತ್ರ ಸರಿಯಾಗಿ ಮೂಡುವುದಿಲ್ಲ. ಪಾಳಿ ಬದಲಾಗುವ ಹೊತ್ತಿಗೆ ಹಾಜರಿ ಪುಸ್ತಕದ ಪಕ್ಕದಲ್ಲಿ ಕನ್ನಡದ ಕಾಗದದ ನಮೂನೆಯಿಟ್ಟು, ಓದಲು ಬಾರದವರನ್ನು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳುವುದೇ ನಾನು ಕಂಡ ಸರಿಯಾದ ದಾರಿ.

ಇನ್ನು, ಯಾವ ವಾಹನ ಎಂದಷ್ಟೇ ಕೇಳಿ ನಿಲ್ಲಬೇಡಿ. ಅಂಕ ನಿರ್ಧಾರವಾಗುವುದು ತಲಾ ಇಂಗಾಲದ ಹೊರಸೂಸುವಿಕೆಯ ಮೇಲೆ, ಅದಕ್ಕೆ ದೂರವೂ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಲೀಟರಿಗೆ 46 ಕಿ.ಮೀ. ಓಡುವ ಬೈಕು ಕಿ.ಮೀ.ಗೆ 50 ಗ್ರಾಂ, 15 ಕಿ.ಮೀ. ಓಡುವ ಕಾರು ಸುಮಾರು 150 ಗ್ರಾಂ ಉಗುಳುತ್ತದೆ. ಹೀಗಾಗಿ 25 ಕಿ.ಮೀ. ದೂರದಿಂದ ಬೈಕಿನಲ್ಲಿ ಒಬ್ಬನೇ ಬರುವವನ ಪಾಲು 1.25 ಕಿಲೋಗ್ರಾಂ ಆದರೆ, 4 ಕಿ.ಮೀ. ದೂರದಿಂದ ಕಾರಿನಲ್ಲಿ ಬರುವ ಅಧಿಕಾರಿಯದು 600 ಗ್ರಾಂ ಮಾತ್ರ. ಕಾರಿನವರನ್ನಷ್ಟೇ ದೂರುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಬಸ್ಸಿನಲ್ಲಿ ಎಷ್ಟು ಕಿ.ಮೀ., ಟಂಟಂನಲ್ಲಿ ಎಷ್ಟು, ನಡಿಗೆ ಎಷ್ಟು ಎಂದು ಪ್ರಯಾಣವನ್ನು ತುಂಡುತುಂಡಾಗಿ ಕೇಳಿ. ಟಂಟಂ ಭಾಗವನ್ನು ಬಸ್ಸಿನಡಿ ತೋರಿಸಬಹುದು ಎಂಬುದು ನನ್ನ ಅಭಿಪ್ರಾಯ.

ಉತ್ತರ 2: ಮೆಕ್ಯಾನಿಕಲ್ ಉಪನ್ಯಾಸಕ, ಕಲಬುರಗಿ

ಮೇಡಂ ಹೇಳಿದ ಕೊನೆಯ ಮಾತಿಗೆ ಒಂದು ಷರತ್ತು ಸೇರಿಸಬೇಕಾಗುತ್ತದೆ. ಡೀಸೆಲ್ ಲೀಟರಿಗೆ ಹೊರಬರುವುದು ಸುಮಾರು 2.7 ಕಿಲೋಗ್ರಾಂ. ಲೀಟರಿಗೆ 27 ಕಿ.ಮೀ. ಓಡುವ ಟಂಟಂ ಎಂದಿಟ್ಟುಕೊಂಡರೆ ಕಿ.ಮೀ.ಗೆ 100 ಗ್ರಾಂ ಆಯಿತು. ಏಳು ಜನ ಕೂತಿದ್ದರೆ ತಲೆಗೆ ಸುಮಾರು 14 ಗ್ರಾಂ. ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡುವ ಬಸ್ಸಿನಲ್ಲಿ 50 ಜನರಿದ್ದರೆ ತಲೆಗೆ 12 ಗ್ರಾಂ. ಅಲ್ಲಿಯವರೆಗೆ ಎರಡೂ ಹತ್ತಿರವೇ. ಆದರೆ ತಡವಾಯಿತೆಂದು ಒಬ್ಬನೇ ಆಟೋ ಮಾಡಿಕೊಂಡು ಬಂದವನ ತಲೆಗೆ ಇಡೀ ಗಾಡಿಯ ಹೊಗೆ ಬೀಳುತ್ತದೆ. ಆದ್ದರಿಂದ ‘ಶೇರಿಂಗ್ ಟಂಟಂ’ ಮತ್ತು ‘ಒಬ್ಬರೇ ಆಟೋ’ ಎಂದು ಎರಡು ಪ್ರತ್ಯೇಕ ಸಾಲುಗಳಿರಲಿ. ಯಾವುದನ್ನು ಯಾವ ವಾಹನಕ್ಕೆ ಸಮೀಕರಿಸಿದಿರಿ ಎಂಬ ವಿವರಣೆಯನ್ನು ಲಗತ್ತಿಸಿ, ಏರಿಸುವ ಮೊದಲೇ ಪ್ರಮಾಣೀಕರಣದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಏಪ್ರಿಲ್‌ನಲ್ಲಿಯೇ ಸಮೀಕ್ಷೆ ಮುಗಿಸಬೇಕೆಂದು ಮಾಲೀಕರು ಒತ್ತಾಯಿಸುತ್ತಿದ್ದಾರೆ. ಆ ತಿಂಗಳು ಸೂಕ್ತವೇ?

ಉತ್ತರ 3: ಹಸಿರು ಕಟ್ಟಡ ಸಲಹೆಗಾರ್ತಿ, ಬೀದರ್

ಸೂಕ್ತವಲ್ಲ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಶಾಲೆಗಳಿಗೂ ರಜೆ. ಮಕ್ಕಳನ್ನು ಶಾಲೆಗೆ ಬಿಟ್ಟು ಕಚೇರಿಗೆ ಬರುವವರ ದಾರಿಯೇ ಆಗ ಬೇರೆಯಾಗಿರುತ್ತದೆ, ನಡೆದು ಬರುವವರೂ ಟಂಟಂ ಹತ್ತುತ್ತಾರೆ. ಜುಲೈ ಅಥವಾ ನವೆಂಬರಿನಲ್ಲಿ ಹಬ್ಬವಿಲ್ಲದ ವಾರವೊಂದನ್ನು ಆರಿಸಿಕೊಳ್ಳಿ. ಹಳೆಯ ಅಂಕಿಗಳಿದ್ದರೆ ಅವುಗಳನ್ನು ಮುಂದೊಡ್ಡಲೂಬೇಡಿ: 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಮಹಿಳೆಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಅದಕ್ಕೂ ಹಿಂದಿನ ಲೆಕ್ಕ ಈಗ ಹೊಂದುವುದಿಲ್ಲ. ಹೇಗೂ 4.1ರ ನಿಯಮದಂತೆ ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಲೇಬೇಕು ಎಂಬುದನ್ನು ಮಾಲೀಕರಿಗೆ ಈಗಲೇ ತಿಳಿಸಿಬಿಡಿ.