ಮಳೆ ಇಲ್ಲದ ರಾತ್ರಿಯೂ ಕಂಟೇನರ್ ಮನೆಯೊಳಗೆ ನೀರು ತೊಟ್ಟಿಕ್ಕುತ್ತಿದೆ: ಎಲ್ಲಿ ಸೋರುತ್ತಿದೆ?

ಉಕ್ಕಿನಗೂಡು:
ಎಲ್ಲರಿಗೂ ನಮಸ್ಕಾರ. ಸರಕು ಸಾಗಿಸುವ 20 ಅಡಿಯ ಹಳೆ ಉಕ್ಕಿನ ಕಂಟೇನರ್ ಒಂದನ್ನು ಮನೆ ಮಾಡಿಕೊಂಡು ನಾವಿಬ್ಬರು ವಾಸ ಇದ್ದೇವೆ. ಒಳಗೆ ಉಕ್ಕಿನ ಪಟ್ಟಿಗಳನ್ನು ಗೋಡೆಗೆ ವೆಲ್ಡ್ ಮಾಡಿ, ನಡುವೆ ಶಾಖ ತಡೆಯಲು ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿಯಂಥ ಹಾಸು) ತುಂಬಿ, ಮೇಲೆ ಜಿಪ್ಸಮ್ ಬೋರ್ಡ್ ಹೊಡೆದಿದೆ. ಛಾವಣಿಗೂ ಹಾಗೆಯೇ.

ಮೊದಲ ಕೆಲವು ತಿಂಗಳು ಚೆನ್ನಾಗಿತ್ತು. ಚಳಿ ಶುರುವಾದ ಮೇಲೆ ಬೆಳಗಿನ ಜಾವ ಹಾಸಿಗೆ ಮೇಲೆ ಹನಿ ಬೀಳುತ್ತಿದೆ. ಜಿಪ್ಸಮ್ ಬೋರ್ಡಿನ ಜೋಡಣೆಗಳಲ್ಲಿ ಕಂದು ಕಲೆ ಬಂದಿದೆ, ಮೂಲೆಯಲ್ಲಿ ಬೂಷ್ಟು ಹಿಡಿದಿದೆ. ಕೆಲಸ ಮಾಡಿಕೊಟ್ಟವರು ಛಾವಣಿ ಸೋರುತ್ತಿದೆ ಅಂದರು. ಎರಡು ಸಲ ಮೇಲೆ ಹತ್ತಿ ಸೀಲಂಟ್ ಬಳಿದೆ. ಏನೂ ಬದಲಾಗಲಿಲ್ಲ. ತೂತು ಎಲ್ಲಿದೆ ಅಂತ ಹುಡುಕುವುದು ಹೇಗೆ, ದಯವಿಟ್ಟು ಹೇಳಿ.

ನೀಲಿಛಾವಣಿ:
ಸೀಲಂಟ್ ಸಾಲದು. ಛಾವಣಿ ಪೂರ್ತಿ ಡಾಂಬರು ಹಾಳೆ ಹಾಕಿಸಿ. ನಮ್ಮಲ್ಲಿ ಅದರಿಂದಲೇ ಸರಿಹೋಯಿತು.

ಬೆಸುಗೆಗಾರ:
ಡಾಂಬರು ಹಾಳೆಗೆ ಖರ್ಚು ಮಾಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ. ಮಳೆ ಬಂದ ರಾತ್ರಿ ಜಾಸ್ತಿ ತೊಟ್ಟಿಕ್ಕುತ್ತದೆಯೋ, ಆಕಾಶ ತಿಳಿಯಾಗಿ ನಕ್ಷತ್ರ ಕಾಣುವ ರಾತ್ರಿಯೋ?

ಉಕ್ಕಿನಗೂಡು:
ನೀವು ಕೇಳಿದ ಮೇಲೆ ಯೋಚಿಸಿದೆ. ತಿಳಿ ಆಕಾಶ ಇದ್ದ ರಾತ್ರಿಯೇ ಜಾಸ್ತಿ. ಮೋಡ ಇದ್ದ ದಿನ ಬಹುತೇಕ ಇಲ್ಲ. ಮೊನ್ನೆ ರಾತ್ರಿಯಿಡೀ ಮಳೆ ಬಂತು, ಒಂದು ಹನಿಯೂ ಬೀಳಲಿಲ್ಲ!

ಬೆಸುಗೆಗಾರ:
ಹಾಗಾದರೆ ನಿಮ್ಮ ಛಾವಣಿಯಲ್ಲಿ ತೂತಿಲ್ಲ ಅಂತಲೇ ನನ್ನ ಅನಿಸಿಕೆ. ಆ ನೀರು ನಿಮ್ಮ ಮನೆಯೊಳಗಿನದೇ. ತಣ್ಣೀರು ತುಂಬಿದ ಲೋಟದ ಹೊರಗೆ ಹನಿ ಕಟ್ಟುತ್ತದಲ್ಲ, ಅದೇ ನಿಮ್ಮ ತಗಡಿನ ಒಳಮೈಯಲ್ಲಿ ನಡೆಯುತ್ತಿದೆ.

ತಿಳಿ ಆಕಾಶದ ರಾತ್ರಿ ಛಾವಣಿಯ ಉಕ್ಕು ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮೋಡ ಇದ್ದರೆ ಅದು ಕಂಬಳಿ ಹೊದಿಸಿದ ಹಾಗೆ, ಉಕ್ಕು ಅಷ್ಟು ತಣ್ಣಗಾಗುವುದಿಲ್ಲ. ಅದಕ್ಕೇ ನಾನು ನಕ್ಷತ್ರದ ಬಗ್ಗೆ ಕೇಳಿದ್ದು.

ಇಷ್ಟು ನೀರು ಎಲ್ಲಿಂದ ಅಂತ ಅನಿಸಬಹುದು. ಲೆಕ್ಕ ಹಾಕಿ ನೋಡಿ. 20 ಅಡಿ ಕಂಟೇನರಿನೊಳಗೆ ಸುಮಾರು 33 ಘನ ಮೀಟರ್ ಜಾಗ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯುತ್ತದೆ. ಅಂದರೆ ಇಡೀ ಮನೆಯ ಗಾಳಿ ಹಿಡಿಯುವುದು ಮುಕ್ಕಾಲು ಲೀಟರ್ ನೀರು ಮಾತ್ರ. ಮಲಗಿದ ಮನುಷ್ಯನ ಉಸಿರು, ಮೈಯಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಹೊರಬರುತ್ತದೆ. ಇಬ್ಬರು 8 ಗಂಟೆ ಮಲಗಿದರೆ 640 ಗ್ರಾಂ. ಒಳಗೆ ಗ್ಯಾಸ್ ಒಲೆ ಇದ್ದರೆ ಅದೂ ಸೇರಿಸಿ: ಒಂದು ಕೆಜಿ ಗ್ಯಾಸ್ ಉರಿದರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಬರುತ್ತದೆ. ಇಟ್ಟಿಗೆ ಗೋಡೆ ಸ್ವಲ್ಪ ತೇವ ಹೀರಿಕೊಳ್ಳುತ್ತದೆ. ಉಕ್ಕು ಒಂದು ಹನಿಯನ್ನೂ ಹೀರುವುದಿಲ್ಲ.

ಸುಮ್ನೆ ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ಛಾವಣಿಯ ಒಂದು ಜಿಪ್ಸಮ್ ಬೋರ್ಡ್ ಬಿಚ್ಚಿ. ಅದಕ್ಕೂ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಸುತ್ತ ಉಕ್ಕು, ಒಳಗೆ ಒದ್ದೆ, ವೈರು ಬೇರೆ ಇರುತ್ತದೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ಲಾಸ್ ವೂಲ್ ತೆಗೆದು ತಗಡನ್ನು ಚೆನ್ನಾಗಿ ಒರೆಸಿ ಒಣಗಿಸಿ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ತಗಡಿಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಿ. ಬೆಳಿಗ್ಗೆ ಹಾಳೆಗೂ ತಗಡಿಗೂ ನಡುವೆ ನೀರಿದ್ದರೆ ಹೊರಗಿಂದ ಸೋರುತ್ತಿದೆ. ಹಾಳೆಯ ಈಚೆ ಮುಖದಲ್ಲಿ, ಅಂದರೆ ಕೋಣೆಯ ಕಡೆ, ಹನಿ ಇದ್ದರೆ ಅದು ಒಳಗಿನ ತೇವ.

ಉಕ್ಕಿನಗೂಡು:
ಮಾಡಿದೆ. ಹಾಳೆಯ ಕೋಣೆ ಕಡೆ ಪೂರ್ತಿ ಹನಿ, ಹಿಂದೆ ಒಣಗಿದೆ. ಗೆಳೆಯರಿಂದ ಥರ್ಮಾಮೀಟರ್ ತಂದು ಬೆಳಗಿನ 5 ಗಂಟೆಗೆ ಅಳೆದೆ. ಕೋಣೆ 24 ಡಿಗ್ರಿ, ಗಾಳಿಯ ತೇವಾಂಶ ಶೇಕಡಾ 78. ಹೊರಗೆ 17. ಛಾವಣಿಯ ತಗಡು 14!

ಬಿಚ್ಚಿದ ಗ್ಲಾಸ್ ವೂಲ್ ಹಿಂಡಿದರೆ ನೀರು ಬಂತು. ನೋಡಿ ಹೊಟ್ಟೆ ಉರಿಯಿತು. ವೆಲ್ಡ್ ಮಾಡಿದ ಕಡೆಗಳಲ್ಲಿ ತುಕ್ಕೂ ಶುರುವಾಗಿದೆ.

ತಂಗಾಳಿ:
24 ಡಿಗ್ರಿ, 78 ಶೇಕಡಾ ಅಂದರೆ ಆ ಗಾಳಿ ಸುಮಾರು 20 ಡಿಗ್ರಿಗೆ ಇಳಿದ ಕೂಡಲೇ ಹನಿ ಕಟ್ಟುತ್ತದೆ. ನಿಮ್ಮ ತಗಡು 14. ಹನಿ ಕಟ್ಟದೆ ಇನ್ನೇನು?

ನನ್ನ ಸಲಹೆ: ಎದುರುಬದುರು ಎರಡು ಕಡೆ ಗಾಳಿಕಿಂಡಿ ಕೊರೆಸಿ, ಸ್ನಾನದ ಕೋಣೆಗೂ ಅಡುಗೆ ಜಾಗಕ್ಕೂ ಎಕ್ಸಾಸ್ಟ್ ಫ್ಯಾನ್ ಹಾಕಿ. ಗೋಡೆ ಒಡೆಯುವ ಗೋಜೇ ಬೇಡ.

ಬೆಸುಗೆಗಾರ:
ಫ್ಯಾನ್ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಅಷ್ಟೇ ಸಾಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒದ್ದೆ ಗ್ಲಾಸ್ ವೂಲ್ ಗೋಡೆಯೊಳಗೇ ಉಳಿದರೆ ಹಿಂದಿನ ತಗಡು ಕಣ್ಣಿಗೆ ಕಾಣದೆ ತುಕ್ಕು ಹಿಡಿಯುತ್ತದೆ. ಪಕ್ಕದ ಗೋಡೆಯ ತಗಡು 2 ಮಿಲಿಮೀಟರ್ ಕೂಡ ದಪ್ಪ ಇಲ್ಲ, ನೆನಪಿರಲಿ. ಕಂಟೇನರ್ ಮಾಡುವ ಕಾರ್ಟೆನ್ ಅನ್ನುವ ಉಕ್ಕಿಗೆ ತುಕ್ಕು ಹತ್ತುವುದಿಲ್ಲ ಅಂತ ಹಲವರು ನಂಬಿದ್ದಾರೆ. ಒದ್ದೆಯಾಗಿ ಮತ್ತೆ ಒಣಗುತ್ತಿದ್ದರೆ ಮಾತ್ರ ಅದರ ಮೇಲ್ಪದರ ಕಾಪಾಡುತ್ತದೆ. ಸದಾ ತೇವ ಇದ್ದರೆ ಅದೂ ತಿಂದುಹೋಗುತ್ತದೆ.

ಗ್ಲಾಸ್ ವೂಲ್ ಕೆಟ್ಟ ವಸ್ತು ಅಲ್ಲ. ಆದರೆ ಗಾಳಿ ಅದರೊಳಗೆ ಆರಾಮಾಗಿ ಓಡಾಡುತ್ತದೆ. ತೇವದ ಗಾಳಿ ಅದನ್ನು ದಾಟಿ ತಗಡು ಮುಟ್ಟಿತು, ಅಲ್ಲೇ ನೀರಾಯಿತು. ಕೋಣೆಯ ಗಾಳಿ ಉಕ್ಕನ್ನು ಮುಟ್ಟದ ಹಾಗೆ ಮಾಡಬೇಕು. ನಾನಾದರೆ ಹೀಗೆ ಮಾಡುತ್ತೇನೆ.

ಗ್ಲಾಸ್ ವೂಲ್ ಪೂರ್ತಿ ತೆಗೆಯಿರಿ. ತುಕ್ಕನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಒಣಗಲು ಬಿಡಿ. ಆಮೇಲೆ ಕ್ಲೋಸ್ಡ್ ಸೆಲ್ ಸ್ಪ್ರೇ ಫೋಮ್ (ಸಿಂಪಡಿಸಿದ ಮೇಲೆ ಉಬ್ಬಿ ಗಟ್ಟಿಯಾಗುವ, ಗಾಳಿ ದಾಟದ ನೊರೆ) ಅನ್ನು ನೇರ ತಗಡಿಗೆ 50 ಮಿಲಿಮೀಟರ್ ದಪ್ಪ ಹೊಡೆಸಿ. ತಗಡಿನ ಉಬ್ಬುತಗ್ಗುಗಳಲ್ಲೂ ಅಂಟಿಕೊಳ್ಳುವುದರಿಂದ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಗಟ್ಟಿ ಫೋಮ್ ಹಲಗೆ ಅಂಟಿಸಿದರೆ ಆ ತಗ್ಗುಗಳು ಖಾಲಿ ಉಳಿಯುತ್ತವೆ, ಜೋಡಣೆ ಎಷ್ಟು ಟೇಪ್ ಮಾಡಿದರೂ ಎಲ್ಲೋ ಒಂದು ಕಡೆ ಗಾಳಿ ನುಗ್ಗುತ್ತದೆ.

ಎರಡು ಎಚ್ಚರಿಕೆ. ಕಿಟಕಿ ಕತ್ತರಿಸುವುದು, ವೆಲ್ಡಿಂಗ್, ಏನೇ ಇದ್ದರೂ ಫೋಮ್ ಹೊಡೆಯುವ ಮೊದಲೇ ಮುಗಿಸಿ. ಫೋಮ್ ಬಂದ ಮೇಲೆ ಹೊರಗಿಂದ ಕಿಡಿ ತಾಗಿಸಿದರೂ ಒಳಗೆ ಹೊತ್ತಿಕೊಳ್ಳಬಹುದು, ಆ ಹೊಗೆ ವಿಷ. ಹಾಗೆಯೇ ಫೋಮ್ ಹೊಡೆಯುವಾಗ ಬರುವ ಆವಿ ಶ್ವಾಸಕ್ಕೆ ಕೆಟ್ಟದ್ದು. ಹೊಡೆಯುವವರಿಗೆ ಸರಿಯಾದ ಮಾಸ್ಕ್ ಇರಲಿ, ನೀವಿಬ್ಬರೂ ಅವರು ಹೇಳಿದಷ್ಟು ಹೊತ್ತು ಹೊರಗೇ ಇರಿ. ಕೊನೆಗೆ ಫೋಮ್ ಬೆತ್ತಲೆ ಬಿಡದೆ ಜಿಪ್ಸಮ್ ಬೋರ್ಡ್ ಮುಚ್ಚಿ.

ಛಾವಣಿ ಮೇಲೆ ಇನ್ನೊಂದು ತಗಡಿನ ಮಾಡು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಬಿಸಿಲೂ ತಡೆಯುತ್ತದೆ, ರಾತ್ರಿ ಶಾಖ ಆಕಾಶಕ್ಕೆ ಹೋಗುವುದನ್ನೂ ತಡೆಯುತ್ತದೆ. ಆದರೆ ಅದರ ಭಾರ ನಾಲ್ಕು ಮೂಲೆಗಳ ಮೇಲೆ ಬೀಳಲಿ. ಕಂಟೇನರಿನ ಶಕ್ತಿ ಇರುವುದು ಮೂಲೆಕಂಬಗಳಲ್ಲಿ, ನಡುವಿನ ತಗಡು ಭಾರ ಹೊರಲು ಮಾಡಿದ್ದಲ್ಲ.

ನೀಲಿಛಾವಣಿ:
ಮಳೆಯ ರಾತ್ರಿಯೇ ಒಣಗಿತ್ತು ಅಂದ ಮೇಲೆ ನನ್ನ ಡಾಂಬರು ಹಾಳೆ ಸಲಹೆ ನಿಮಗೆ ಸಲ್ಲುವುದಿಲ್ಲ, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹೇಗೂ ಬಿಚ್ಚುತ್ತಿದ್ದೀರಿ, ನೆಲದ ಪ್ಲೈವುಡ್ ಕೂಡ ನೋಡಿ. ಸಾಗಾಟದ ಕಾಲದಲ್ಲಿ ಹುಳ ಹಿಡಿಯದಂತೆ ಅದಕ್ಕೆ ಔಷಧಿ ಹಾಕಿರುತ್ತಾರೆ. ಬಾಗಿಲ ಮೇಲಿನ ಲೋಹದ ಫಲಕದಲ್ಲಿ ಯಾವ ಔಷಧಿ ಅಂತ ಬರೆದಿರಬಹುದು. ಪ್ಲೈವುಡ್ ತೆಗೆಯಲಾಗದಿದ್ದರೆ ಎಪಾಕ್ಸಿ (ಒಣಗಿ ಗಟ್ಟಿ ಪದರವಾಗುವ ಲೇಪ) ಬಳಿದು ಮುಚ್ಚಿ.

ಉಕ್ಕಿನಗೂಡು:
ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ. ಎಲ್ಲ ಬಿಚ್ಚಿ, ಉಜ್ಜಿ, ಪ್ರೈಮರ್ ಹೊಡೆದು ಫೋಮ್ ಹಾಕಿಸಿದೆವು. ನೆಲಕ್ಕೆ ಎಪಾಕ್ಸಿ ಬಂತು. ಸ್ನಾನದ ಕೋಣೆಗೆ, ಒಲೆಯ ಮೇಲೆ ಫ್ಯಾನ್ ಕೂರಿಸಿದೆವು. ಬೆಸುಗೆಗಾರರೇ, ತಂಗಾಳಿಯವರೇ, ನೀಲಿಛಾವಣಿಯವರೇ, ಮನಸಾರೆ ಧನ್ಯವಾದ. ಕಳೆದ ವಾರ ನಾಲ್ಕು ರಾತ್ರಿ ತಿಳಿ ಆಕಾಶ ಇತ್ತು, ಹಾಸಿಗೆ ಒಣಗಿದೆ. ಹೆಂಡತಿ ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಒಂದೇ ಕಡೆ ಇನ್ನೂ ತೇವ ಇದೆ. ಜಿಪ್ಸಮ್ ಬೋರ್ಡಿನ ಮೇಲೆ ಒಂದೂವರೆ ಅಡಿಗೆ ಒಂದರಂತೆ ಉದ್ದಕ್ಕೆ ತೆಳು ಗೆರೆ ಕಾಣುತ್ತದೆ, ಬೆಳಿಗ್ಗೆ ಮುಟ್ಟಿದರೆ ತಣ್ಣಗಿರುತ್ತದೆ.

ಬೆಸುಗೆಗಾರ:
ಹಳೆ ಉಕ್ಕಿನ ಪಟ್ಟಿಗಳನ್ನು ಹಾಗೇ ಬಿಟ್ಟಿದ್ದೀರಿ, ಅಲ್ವಾ? ಅವು ತಗಡಿಗೆ ವೆಲ್ಡ್ ಆಗಿವೆ. ಹೊರಗಿನ ತಂಪು ಅವುಗಳ ಮೂಲಕವೇ ಬೋರ್ಡಿಗೆ ಬರುತ್ತಿದೆ. ಪಟ್ಟಿ ಕತ್ತರಿಸಲು ಹೋಗಬೇಡಿ, ಫೋಮ್ ಇದೆ. ಬೋರ್ಡ್ ಬಿಚ್ಚಿ, ಪ್ರತಿ ಪಟ್ಟಿಯ ಮೇಲೆ ಒಂದು ಇಂಚು ದಪ್ಪದ ಮರದ ರೀಪು ಸ್ಕ್ರೂ ಮಾಡಿ, ಅದರ ಮೇಲೆ ಬೋರ್ಡ್ ಮತ್ತೆ ಹೊಡೆಯಿರಿ. ಕೋಣೆ ಎರಡೂ ಕಡೆ ಒಂದೊಂದು ಇಂಚು ಕಿರಿದಾಗುತ್ತದೆ. ಮೊದಲೇ ಇಕ್ಕಟ್ಟು, ಗೊತ್ತು. ಆದರೂ ಮಾಡಿ.

ಉಕ್ಕಿನಗೂಡು:
ಹೌದು, ಬಿಟ್ಟಿದ್ದೆ. ಹಾಸಿಗೆ ಕಡೆಯ ಗೋಡೆಯಿಂದ ಭಾನುವಾರ ಶುರು ಮಾಡುತ್ತೇನೆ.