ಲಿನಕ್ಸ್ ‘ಡಿಸ್ಟ್ರೊ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಿಗ್ರಿ ಓದುತ್ತಿರುವ ಹುಡುಗ ಹುಡುಗಿಯರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ವಿಂಡೋಸ್ ಬಿಟ್ಟು ಬೇರೇನೂ ನೋಡದವರು ಲಿನಕ್ಸ್‌ನಂತಹ, ಯುನಿಕ್ಸ್ ತರಹದ ಆಪರೇಟಿಂಗ್ ಸಿಸ್ಟಮ್ ಕಲಿಯೋಕೆ ಹೊರಟರೆ ಮೊದಲು ಯಾವುದನ್ನು ಹಾಕಿಕೊಳ್ಳಬೇಕು ಅನ್ನೋದು ವಿಷಯ. ಮೊದಲ ಪುಟದಲ್ಲೇ ಒಂದು ಪದದ ಹತ್ತಿರ ನಿಂತಿದ್ದೇನೆ. ಡಿಸ್ಟ್ರಿಬ್ಯೂಷನ್, ಅಂದರೆ ಎಲ್ಲರ ಬಾಯಲ್ಲೂ ಇರುವ ಡಿಸ್ಟ್ರೊ.

ನಿಘಂಟಿನಲ್ಲಿ ‘ವಿತರಣೆ’ ಸಿಗುತ್ತದೆ. ಆದರೆ ನಮ್ಮಲ್ಲಿ ವಿತರಣೆ ಅಂದರೆ ಹಂಚುವ ಕೆಲಸ. ಪಡಿತರ ವಿತರಣೆ, ಬಹುಮಾನ ವಿತರಣೆ. ಡೆಬಿಯನ್ ಅನ್ನೋದು ಒಂದು ಡಿಸ್ಟ್ರೊ. ‘ಡೆಬಿಯನ್ ವಿತರಣೆ’ ಅಂತ ಬರೆದರೆ ಎಲ್ಲೋ ಡೆಬಿಯನ್ ಸಿಡಿ ಹಂಚುತ್ತಿದ್ದಾರೆ ಅಂತ ಓದಿಕೊಳ್ಳುತ್ತಾರೆ. ‘ಆವೃತ್ತಿ’ ಇನ್ನೂ ತೊಡಕು. ಡೆಬಿಯನ್ 11, ಡೆಬಿಯನ್ 12 ಇವು ಆವೃತ್ತಿಗಳು. ಡೆಬಿಯನ್ ಮತ್ತು ಫೆಡೋರಾ ಹಾಗಲ್ಲ, ಅವು ಬೇರೆ ಬೇರೆ ಡಿಸ್ಟ್ರೊಗಳು.

ಹೊಸಬರಿಗೆ ಈ ಪದ ಸರಿಯಾಗಿ ಅರ್ಥವಾದರೆ ಅರ್ಧ ಗೊಂದಲ ಕಳೆದಂತೆ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರತಂದ ಲಿನಕ್ಸ್ ಬರೀ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಒಳತಿರುಳು ಮಾತ್ರ. ಅದೊಂದರಿಂದಲೇ ಏನೂ ಮಾಡೋಕಾಗಲ್ಲ. ನಾವು ಟೈಪ್ ಮಾಡಿದ ಕಮಾಂಡ್ ನಡೆಸುವ ಶೆಲ್ ಬೇಕು, ಫೈಲ್ ನಕಲು ಮಾಡೋದಕ್ಕೆ, ಹುಡುಕೋದಕ್ಕೆ ಸಲಕರಣೆಗಳು ಬೇಕು, ಸಾಫ್ಟ್‌ವೇರ್ ಹಾಕೋಕೆ ಪ್ಯಾಕೇಜ್ ಮ್ಯಾನೇಜರ್ ಬೇಕು. ಇವನ್ನೆಲ್ಲ ಆರಿಸಿ, ಒಂದಕ್ಕೊಂದು ಹೊಂದಿಸಿ ಕೊಡುವುದೇ ಡಿಸ್ಟ್ರೊ. ಸ್ಲ್ಯಾಕ್‌ವೇರ್, ಡೆಬಿಯನ್ ಎರಡೂ 1993ರಲ್ಲಿ ಹುಟ್ಟಿದ್ದು ಹೀಗೆ. ಉಬುಂಟು 2004ರಲ್ಲಿ ಡೆಬಿಯನ್ ಮೇಲೆ ಕಟ್ಟಿದ್ದು.

ಕಮಾಂಡ್ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್‌ನಲ್ಲಿ ‘ಯುನೇಮ್’ (uname) ಅಂತ ಟೈಪ್ ಮಾಡಿ ನೋಡಿ. ಉಬುಂಟು, ಡೆಬಿಯನ್, ಫೆಡೋರಾ ಮೂರೂ ‘ಲಿನಕ್ಸ್’ ಅಂತಲೇ ಹೇಳುತ್ತವೆ. ಕರ್ನಲ್ ಒಂದೇ ಅಲ್ವಾ? ಡಿಸ್ಟ್ರೊ ಹೆಸರು ಬೇಕಿದ್ದರೆ ‘ಓಎಸ್-ರಿಲೀಸ್’ (/etc/os-release) ಅನ್ನೋ ಫೈಲ್ ತೆರೆಯಬೇಕು. ಯುನಿಕ್ಸ್ ತರಹದ್ದೇ ಆದರೂ ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿಯಲ್ಲಿ ಅದೇ ಯುನೇಮ್ ಕಮಾಂಡ್ ‘ಫ್ರೀಬಿಎಸ್‌ಡಿ’ ಅನ್ನುತ್ತದೆ. ಅಲ್ಲಿ ಕರ್ನಲ್ಲನ್ನೂ ಮೂಲ ಸಲಕರಣೆಗಳನ್ನೂ ಒಂದೇ ಯೋಜನೆಯಲ್ಲಿ ಒಟ್ಟಿಗೆ ಬೆಳೆಸುತ್ತಾರೆ. ಹಾಗಾಗಿ ಅದನ್ನು ಡಿಸ್ಟ್ರೊ ಅನ್ನೋ ರೂಢಿ ಇಲ್ಲ.

ಇಲ್ಲೇ ಒಂದು ಸ್ವಾರಸ್ಯ. ಫ್ರೀಬಿಎಸ್‌ಡಿ ಹೆಸರಿನಲ್ಲಿರುವ ಬಿಎಸ್‌ಡಿಯ ಕೊನೆಯ ‘ಡಿ’ ಅಂದರೆ ಡಿಸ್ಟ್ರಿಬ್ಯೂಷನ್ನೇ! ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್. 1978ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ವಿದ್ಯಾರ್ಥಿ ಬಿಲ್ ಜಾಯ್ ಯುನಿಕ್ಸ್‌ಗೆ ಬೇಕಾದ ಪ್ರೋಗ್ರಾಮ್‌ಗಳನ್ನು ಟೇಪಿನಲ್ಲಿ ತುಂಬಿ ಬರ್ಕ್ಲಿಯಿಂದ ಕಳಿಸುತ್ತಿದ್ದರು. ಅಂದಿನ ಆ ಕೆಲಸಕ್ಕೆ ‘ವಿತರಣೆ’ ಚೆನ್ನಾಗಿಯೇ ಒಪ್ಪುತ್ತದೆ. ಇವತ್ತಿನ ಮಿಂಟ್‌ನಂತಹ ಡಿಸ್ಟ್ರೊಗೆ ಒಪ್ಪಲ್ಲ.

‘ಕಟ್ಟು’ ಅನ್ನೋ ಪದ ನನಗೆ ಇಷ್ಟ. ಆರಿಸಿ ಜೋಡಿಸಿದ್ದು ಅನ್ನೋ ಭಾವ ಅದರಲ್ಲಿದೆ. ತೊಂದರೆ ಏನಂದರೆ ಪ್ಯಾಕೇಜನ್ನೂ ಕಟ್ಟು ಅಂತಲೇ ತಿಳಿಯುವ ಸಾಧ್ಯತೆ ಜಾಸ್ತಿ. ಸದ್ಯಕ್ಕೆ ‘ಡಿಸ್ಟ್ರೊ’ ಅಂತಲೇ ಉಳಿಸಿಕೊಂಡಿದ್ದೇನೆ. ಮಿಂಟ್ ಹಾಕುವಾಗ ವೈಫೈ ಕೈಕೊಟ್ಟರೆ ಹುಡುಗರು ನೆಟ್‌ನಲ್ಲಿ ಹುಡುಕುವುದು ಆ ಪದದಿಂದಲೇ. ಆಟೊ, ಆಟೊದಲ್ಲಿ, ಆಟೊಗಳು ಅನ್ನೋ ಹಾಗೆ ಡಿಸ್ಟ್ರೊ, ಡಿಸ್ಟ್ರೊದಲ್ಲಿ, ಡಿಸ್ಟ್ರೊಗಳು ಅಂತ ವಿಭಕ್ತಿಯೂ ಸಲೀಸಾಗಿ ಹತ್ತುತ್ತದೆ.

ಕೈಪಿಡಿಯ ಸಲಹೆ ಇಷ್ಟು: ಮೊದಲು ಮಿಂಟ್ ಅಥವಾ ಡೆಬಿಯನ್, ಕೈ ಪಳಗಿದ ಮೇಲೆ ಫ್ರೀಬಿಎಸ್‌ಡಿ. ಈ ಮೂರನ್ನೂ ಒಟ್ಟಿಗೆ ಕರೆಯುವಾಗ ಸುಮ್ನೆ ‘ಸಿಸ್ಟಮ್’ ಅಂತ ಬರೆದರೆ ಸಾಕೇ? ಕ್ಲಾಸಿನಲ್ಲಿ ಇದನ್ನೇ ಕನ್ನಡದಲ್ಲಿ ಪಾಠ ಮಾಡುವವರು ಡಿಸ್ಟ್ರೊಗೆ ಬೇರೆ ಪದ ಬಳಸುತ್ತಿದ್ದರೆ, ಅದನ್ನು ಬಳಸಿದ ಒಂದು ವಾಕ್ಯದ ಜೊತೆ ದಯವಿಟ್ಟು ತಿಳಿಸಿ.