ಎರಡು ಕ್ಯಾಮರಾ, ಒಂದು ಮದುವೆ: ಮೂರು ಸಾವಿರ ಫೋಟೋ ಒಟ್ಟಿಗೆ ರೀನೇಮ್ ಮಾಡೋದು ಹೇಗೆ?

ಮಲ್ನಾಡ್_ಮಾಣಿ:
ನಮಸ್ಕಾರ ಎಲ್ರಿಗೂ. ಚಿಕ್ಕಪ್ಪನ ಮಗಳ ಮದುವೆ ಫೋಟೋ ಎಲ್ಲಾ ನನ್ ತಲೆಗೆ ಕಟ್ಟಿದಾರೆ. ಒಂದು ನಿಕಾನ್, ಒಂದು ಕ್ಯಾನನ್, ಒಂದರ ಫೈಲ್ ಹೆಸರು ಡಿಎಸ್‌ಸಿ ಅಂತ ಶುರು ಆಗತ್ತೆ ಇನ್ನೊಂದರದ್ದು ಐಎಂಜಿ ಅಂತ, ಜೊತೆಗೆ ನೆಂಟರು ವಾಟ್ಸಾಪಲ್ಲಿ ಕಳ್ಸಿದ್ದು ಬೇರೆ, ಒಟ್ಟು ಮೂರು ಸಾವಿರದ ಮೇಲಿದೆ. ಹೆಸರಿನ ಪ್ರಕಾರ ಜೋಡಿಸಿದ್ರೆ ಒಂದು ಕ್ಯಾಮರಾದ್ದು ಪೂರ್ತಿ ಮುಗಿದ್ಮೇಲೆ ಇನ್ನೊಂದು ಬರತ್ತೆ, ಅಂದ್ರೆ ಊಟದ ಪಂಕ್ತಿ ಎಲ್ಲಾ ಆದ್ಮೇಲೆ ಮತ್ತೆ ಕಾಶಿಯಾತ್ರೆ. ಸಾಲದ್ದಕ್ಕೆ ನಿಕಾನ್ ನಂಬರ್ 9999 ಮುಟ್ಟಿ ಮತ್ತೆ 0001ಕ್ಕೆ ಬಂದಿದೆ, ಹಾಗಾಗಿ ಧಾರೆ ಫೋಟೋ ಹಿಂದಿನ ದಿನದ ವರಪೂಜೆಗಿಂತ ಮೊದಲು ಕೂತಿದೆ. ಒಂದೊಂದಾಗಿ ಮಾಡ್ತಾ ಹೋದ್ರೆ ಅವಳ ಸೀಮಂತ ಬಂದ್ಬಿಡತ್ತೆ. ವಿಂಡೋಸ್ 11. ದಾರಿ ಹೇಳಿ ಪುಣ್ಯ ಕಟ್ಕೊಳ್ಳಿ.

ಜಯನಗರ_4ನೇಬ್ಲಾಕ್:
ಇದಕ್ಕೆ ಸಾಫ್ಟ್‌ವೇರ್ ಯಾಕ್ ಗುರು. ಎಲ್ಲಾ ಒಂದೇ ಫೋಲ್ಡರಿಗೆ ಹಾಕು, 'ಡೇಟ್ ಟೇಕನ್' (ಫೋಟೋ ತೆಗೆದ ದಿನ, ಟೈಮ್) ಮೇಲೆ ಸಾರ್ಟ್ ಮಾಡು, ಎಲ್ಲಾ ಸೆಲೆಕ್ಟ್ ಮಾಡಿ ಎಫ್2 ಒತ್ತಿ 'ಮದುವೆ' ಅಂತ ಟೈಪ್ ಮಾಡಿ ಎಂಟರ್. ಮದುವೆ (1), ಮದುವೆ (2) ಅಂತ ತಾನೇ ಆಗತ್ತೆ. ಕೆಟ್ರೆ ಕಂಟ್ರೋಲ್ ಝಡ್.

ಹುಬ್ಬಳ್ಳಿ_ಲೆನ್ಸ್:
ಅಷ್ಟು ಸರಳ ಇಲ್ರೀ. ಎರಡೂ ಕ್ಯಾಮರಾದಾಗ ಗಡಿಯಾರ ಒಂದೇ ಟೈಮ್ ತೋರಸ್ತಾವೇನ್ ಅಂತ ಮೊದಲ ನೋಡ್ರಿ, ಮದುವಿ ಫೋಟೋದಾಗ ತೊಂದರೆ ಇರೂದ ಅಲ್ಲಿ. ಒಂದು 15 ನಿಮಿಷ ಹಿಂದ ಇತ್ತಂದ್ರ ತಾಳಿ ಕಟ್ಟಿದ ಮ್ಯಾಲೆ ಅಂತರಪಟ ಹಿಡಿದ್ಹಂಗ ಆಗ್ತದ. ಎರಡೂ ಕ್ಯಾಮರಾದವ್ರು ಒಮ್ಮೆಲೇ ಹೊಡೆದಿರೂ ಫೋಟೋ ಒಂದು ಹುಡುಕ್ರಿ, ತಾಳಿ ಕಟ್ಟೂದು ಇಬ್ರೂ ಬಿಟ್ಟಿರಂಗಿಲ್ಲ. ಎರಡರ ಟೈಮ್ ನೋಡಿ ಎಷ್ಟು ವ್ಯತ್ಯಾಸ ಅದ ಬರ್ಕೊಳ್ರಿ.

ಆಮ್ಯಾಲೆ ಎಕ್ಸಿಫ್‌ಟೂಲ್ ಅಂತ ಐತಿ, ಫೋಟೋ ಒಳಗಿನ ಮಾಹಿತಿ ಓದಿ ತಿದ್ದೂ ಸಾಫ್ಟ್‌ವೇರ್, ಫಿಲ್ ಹಾರ್ವಿ ಅನ್ನವ್ರು ಬರೆದದ್ದು, ಪುಕ್ಕಟೆ. ಕಪ್ಪು ಸ್ಕ್ರೀನಿನಾಗ ಕಮಾಂಡ್ ಹೊಡೀಬೇಕು, ಅದಕ್ಕ ಮಂದಿ ಹೆದರ್ತಾರ, ಆದ್ರ ಈ ಕೆಲಸಕ್ಕ ಅದನ್ನ ಮೀರಿಸಿದ್ದು ನಾ ಕಂಡಿಲ್ಲ. ಹಿಂದ ಇದ್ದ ಕ್ಯಾಮರಾದ ಫೋಟೋಕ್ಕಷ್ಟೇ ಆ 15 ನಿಮಿಷ ಕೂಡಿಸ್ರಿ, ಫೋಟೋ ಒಳಗಿನ ಟೈಮ್ ತಿದ್ದೂಮುಂದ ಹಳೇ ಫೈಲಿನ ಕಾಪಿ ತಾನ ಇಟ್ಕೋತದ, ಎಲ್ಲಾ ನೋಡಿ ಆದ ಮ್ಯಾಲೆ ಅವನ್ನ ಅಳಿಸ್ರಿ. ಆಮ್ಯಾಲೆ ತೆಗೆದ ದಿನ, ಟೈಮ್ ಹಿಡಿದು ಹೆಸರು ಇಡಸ್ರಿ, ವರ್ಷ ಮೊದಲ, ಆಮೇಲೆ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್. ದಿನ ಮೊದಲ ಹಾಕಿದ್ರ ಸಾಲು ಕೂಡಂಗಿಲ್ಲ. ಒಂದೇ ಸೆಕೆಂಡಿನಾಗ ನಾಕು ಫೋಟೋ ಇದ್ರ ಹಿಂದ ನಂಬರ್ ಸೇರಸೂ ಗುರುತು ಐತಿ, ಅದನ್ನ ಬಿಡಬ್ಯಾಡ್ರಿ. ಖರೇ ಖರೇ ಮಾಡೂದಕ್ಕಿಂತ ಮೊದಲ ಟೆಸ್ಟ್‌ನೇಮ್ ಅಂತ ಹಾಕಿ ಓಡಸ್ರಿ, ಏನೂ ಬದಲಾಯಿಸದ ಹೊಸಾ ಹೆಸರು ಏನಾಗ್ತದ ಅಂತ ಬರೇ ತೋರಸ್ತದ.

ಕರಾವಳಿ_ಕ್ಲಿಕ್:
ಕಮಾಂಡ್ ಬೇಡ ಅಂತಾದ್ರೆ ಅಡ್ವಾನ್ಸ್‌ಡ್ ರೀನೇಮರ್ ನೋಡಿ ಮಾರಾಯ್ರೆ, ಹಳೇ ಹೆಸರು ಹೊಸ ಹೆಸರು ಪಕ್ಕಪಕ್ಕ ಕಾಣ್ತದೆ, ಫೋಟೋ ತೆಗೆದ ಸಮಯವನ್ನೂ ಓದ್ತದೆ, ವಾಪಸ್ ಮಾಡ್ಲಿಕ್ಕೂ ಆಗ್ತದೆ. ಬಲ್ಕ್ ರೀನೇಮ್ ಯುಟಿಲಿಟಿಯೂ ಉಂಟು, ಆದ್ರೆ ಅದನ್ನು ತೆಗೆದ ಕೂಡ್ಲೆ ವಿಮಾನ ಓಡಿಸ್ಲಿಕ್ಕೆ ಕೂತ ಹಾಗೆ ಅನಿಸ್ತದೆ, ಅಷ್ಟು ಬಟನ್.

ಎಫ್2 ಕ್ರಮದಲ್ಲಿ ಇನ್ನೊಂದು ತಾಪತ್ರಯ, ನಂಬರಿನ ಮುಂದೆ ಸೊನ್ನೆ ಬರೂದಿಲ್ಲ. ವಿಂಡೋಸಲ್ಲಿ ಸರಿಯೇ ಕಾಣ್ತದೆ, ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದ್ರೆ ಎಷ್ಟೋ ಟಿವಿಯಲ್ಲಿ 1 ಆದ ಮೇಲೆ 10, 100, 1000, ಮತ್ತೆ ಎಲ್ಲೋ 2 ಬರ್ತದೆ. ಮತ್ತೆ ಒಂದೇ ಫೋಟೋವನ್ನು ರಾ (ಕ್ಯಾಮರಾದ ಕಚ್ಚಾ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ತೆಗೆದಿದ್ರೆ ಬರೀ ಸೀರಿಯಲ್ ನಂಬರ್ ಕೊಡ್ಬೇಡಿ, ಜೋಡಿ ತಪ್ತದೆ. ಲೈಟ್‌ರೂಮ್ ಅಂತ ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಆಗ್ಲೇ ಹಾಕಿ ಆಗಿದ್ರೆ ಅದರ ಒಳಗೇ ರೀನೇಮ್ ಮಾಡಿ, ಹೊರಗಿಂದ ಹೆಸರು ಬದಲಿಸಿದ್ರೆ ಫೈಲ್ ಕಾಣೂದಿಲ್ಲ ಅಂತ ಗಲಾಟೆ ಮಾಡ್ತದೆ.

ಮಲ್ನಾಡ್_ಮಾಣಿ:
ಹುಬ್ಬಳ್ಳಿಯೋರು ಹೇಳಿದ್ದು ಸರಿ, ಕ್ಯಾನನ್ 17 ನಿಮಿಷ ಹಿಂದಿದೆ. ವಾಟ್ಸಾಪ್ ಫೋಟೋಗೆ ಡೇಟ್ ಟೇಕನ್ ಖಾಲಿ ಬರ್ತಿದೆಯಲ್ಲ, ಅವಕ್ಕೇನು ಮಾಡ್ಲಿ? ಮತ್ತೆ ಹೆಸರಲ್ಲಿ 'ನಾಂದಿ', 'ಧಾರೆ', 'ಆರತಕ್ಷತೆ' ಅಂತ ಕನ್ನಡದಲ್ಲೇ ಇಡ್ಬೋದಾ?

ಹುಬ್ಬಳ್ಳಿ_ಲೆನ್ಸ್:
ವಾಟ್ಸಾಪ್ ಫೋಟೋ ಸಣ್ಣದು ಮಾಡಿ ಕಳಸೂಮುಂದ ಒಳಗಿನ ಮಾಹಿತಿ ಎಲ್ಲಾ ಕಿತ್ತ ಹಾಕ್ತದ್ರೀ. ಹೆಸರಿನಾಗ ಇರೂ ತಾರೀಖು ಫೋಟೋ ತೆಗೆದದ್ದಲ್ಲ. ಅದನ್ನ ನಂಬಿ ಸಾಲಿಗೆ ಸೇರಸಬ್ಯಾಡ್ರಿ, ಬ್ಯಾರೆ ಫೋಲ್ಡರ್ ಮಾಡ್ರಿ. ಭಾಳ ಬೇಕಾದ್ದು ಇದ್ರ ಡಾಕ್ಯುಮೆಂಟ್ ಅಂತ ಮತ್ತ ಕಳಸಾಕ ಹೇಳ್ರಿ, ಹಂಗ ಕಳಸಿದ್ರ ಮೂಲ ಫೈಲ್ ಇದ್ದಂಗ ಬರ್ತದ.

ಅಕ್ಷರ_ಅಡುಗೆ:
ಕನ್ನಡ ಧಾರಾಳವಾಗಿ ಇಡಿ, ಯೂನಿಕೋಡಲ್ಲಿ ಟೈಪ್ ಮಾಡಿರ್ಬೇಕು ಅಷ್ಟೇ. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೇ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರಕ್ಕೇ ಕನ್ನಡದ ರೂಪ ತೊಡಿಸೋದು) ಟೈಪಿಸಿದ್ರೆ ಫೈಲ್ ಹೆಸರು ಇಂಗ್ಲಿಷ್ ಕಸ ಆಗಿ ಕೂರತ್ತೆ, ಹೆಸರಿಗೆ ಫಾಂಟ್ ಹಾಕೋಕೆ ಆಗಲ್ವಲ್ಲ. ತಾರೀಖಿಗೆ ಕನ್ನಡ ಅಂಕಿ ಬೇಡ, ಕೆಲವು ೧ ಕೆಲವು 1 ಅಂತ ಬೆರೆತ್ರೆ ಸಾಲು ಎರಡಾಗತ್ತೆ. ಟೈಮ್ ಮಧ್ಯೆ ಕೋಲನ್ ಹಾಕೋಕೆ ವಿಂಡೋಸ್ ಬಿಡಲ್ಲ, ಅಡ್ಡಗೆರೆ ಹಾಕಿ. ಉದ್ದದ ಮೇಲೆ ಮಾತ್ರ ಒಂದ್ ಕಣ್ಣಿರ್ಲಿ: ಮುಂದೆ ಲಿನಕ್ಸ್ ಡಿಸ್ಕಿಗೆ ಕಾಪಿ ಮಾಡೋದಾದ್ರೆ ಅಲ್ಲಿ ಸಾಮಾನ್ಯವಾಗಿ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ವಿರಾಮ (ಒತ್ತಕ್ಷರ ಕೂಡಿಸೋ ಗುರುತು) ಎಲ್ಲಾ ಮೂರ್ಮೂರು ಬೈಟ್ ತಿನ್ನತ್ತೆ, 'ಸ್ತ್ರೀ' ಅನ್ನೋದಕ್ಕೇ 18. 'ಧಾರೆ' ಅಂದ್ರೆ 12, ಚಿಂತೆಯಿಲ್ಲ. 'ಮೈಸೂರು ಅತ್ತೆ ಮತ್ತು ಅವರ ಮನೆಯವರೆಲ್ಲಾ ಸೇರಿ ವಧೂವರರ ಜೊತೆ' ಅಂತೆಲ್ಲಾ ಇಡೋಕೆ ಹೋಗ್ಬೇಡಿ.